ಕತ್ತು ಬಗ್ಗಿಸಿದ ಹೂ

ಕೆಂಪಿನೊಳಗೆ ಚೂರು ಹಸಿರು ಸೇರಿ ಸತ್ತಿರಬೇಕು, ಇಲ್ಲದಿದ್ದರೆ ಅದು ಬರೀ ಬಾಯಿಬಡುಕ ಕೆಂಪು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಟ್ಟೆ ಮುದ್ರಿಸುವ ಆ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ತನ್ನ ಮೇಜಿನ ಮುಂದೆ ಕೂತು, ಬೆಳಗಿನಿಂದ ಅವಳು ಅದೇ ಕೆಂಪನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿ ಕಲೆಸುತ್ತಿದ್ದಳು. ಕಲೆಸಬೇಕಾದ ಅಗತ್ಯವೇ ಇರಲಿಲ್ಲ. ಆ ಬಣ್ಣ ಯಾವಾಗಲೋ ಬಟ್ಟೆಗೆ ಇಳಿದು, ಹಬೆ ಕುಡಿದು, ತೊಳೆಸಿಕೊಂಡು, ಒಣಗಿ, ಕೆಳಗಿನ ಹೊಲಿಗೆ ಶೆಡ್ಡಿಗೆ ಹೋಗಿಯಾಗಿತ್ತು. ಇವತ್ತು ಅದರ ಮೊದಲ ಗೌನುಗಳು ಮೇಲೆ ಬರಬೇಕು; ಹೆಂಗಸರ ಆಸ್ಪತ್ರೆಯ ದೊಡ್ಡ ಸಿಸ್ಟರ್ ಊಟದ ಹೊತ್ತಿಗೆ ಮುಂಚೆ ಬಂದು, ನೋಡಿ, ಹೂಂ ಅನ್ನಬೇಕು. ಅನ್ನುತ್ತಾರೆ. ಅನ್ನದೆ ಏನು ಮಾಡುತ್ತಾರೆ? ಅವಳಿಗೆ ಅದರಲ್ಲಿ ಅನುಮಾನವಿರಲಿಲ್ಲ. ಆದರೂ ಕೈ ಸುಮ್ಮನಿರಲೊಲ್ಲದು. ಬ್ರಷ್ಷಿನ ತುದಿಯಲ್ಲಿ ಹಸಿರು ಎತ್ತಿ ಕೆಂಪಿಗೆ ಮುಟ್ಟಿಸಿದಳು. ಕೆಂಪು ಮೊದಲು ಮುನಿಸಿಕೊಂಡು ಕಪ್ಪಾಯಿತು, ಆಮೇಲೆ ಸಮಾಧಾನಕ್ಕೆ ಬಂತು. ಹಾಂ, ಹಾಗೆ ಬಾ ದಾರಿಗೆ ಎಂದುಕೊಂಡಳು.

ವರ್ಷಗಟ್ಟಲೆ ಅವಳು ಬಣ್ಣ ತುಂಬಿದ್ದು ಬೇರೆಯವರ ಹೂಗಳಿಗೆ. ಎಲ್ಲಿಂದಲೋ ತರಿಸಿದ ಚಿತ್ರಗಳು. ಗುಲಾಬಿಯೋ ಗುಲಾಬಿ, ಒಂದೊಂದೂ ಮುಖಕ್ಕೆ ಬಳಿದುಕೊಂಡು ಮದುವೆಗೆ ಹೊರಟವು. ಇದನ್ನೇ ನೀಲಿಯಲ್ಲಿ ಮಾಡಿ, ಇದನ್ನೇ ಹಳದಿಯಲ್ಲಿ ಮಾಡಿ ಅನ್ನುವುದು ಮ್ಯಾನೇಜರರ ಕೆಲಸ, ಮಾಡಿ ಕೊಡುವುದು ಇವಳ ಕೆಲಸ. ಅಂಗಿಯ ಮೇಲೆ ಒಂದು ಸುಕ್ಕೂ ಬೀಳದಂತೆ ನಡೆಯುವ ಆ ಮನುಷ್ಯನನ್ನು ಕಾರ್ಖಾನೆಯಲ್ಲಿ ಎಲ್ಲರೂ ಹಿಂದಿನಿಂದ ಇಸ್ತ್ರಿ ಅನ್ನುತ್ತಿದ್ದರು. ಆ ಹೆಸರಿಟ್ಟವಳೂ ಇವಳೇ. ಒಮ್ಮೆ ತನ್ನದೇ ಒಂದು ಹೂ ಬರೆದು ಇಸ್ತ್ರಿಗೆ ತೋರಿಸಿದ್ದಳು. ಅವರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, "ಚೆನ್ನಾಗಿದೆ, ಆದ್ರೆ ಇದು ಯಾವ ಹೂವಮ್ಮಾ?" ಎಂದರು. ಯಾವ ಹೂವೂ ಅಲ್ಲ ಸಾರ್, ಹೂ ಅಷ್ಟೇ ಎಂದಾಗ ಅಲ್ಲಿದ್ದವರ ಕಡೆ ತಿರುಗಿ ನಕ್ಕರು. ಕೈ ಎಟುಕದ ಕಡೆಯ ತುರಿಕೆಯಂತೆ ಆ ನಗೆ ಅವಳ ಬೆನ್ನ ಮೇಲೆ ಎಲ್ಲೋ ಉಳಿದುಬಿಟ್ಟಿತು. ಆಸ್ಪತ್ರೆಯವರು ರೋಗಿಗಳ ಗೌನಿಗೆ ಹೂವಿನ ಬಟ್ಟೆ ಬೇಕು ಎಂದಾಗ ಅವಳು ಕೇಳಲಿಲ್ಲ, ನಾನೇ ಬರೀತೀನಿ ಎಂದಳು. ಇಸ್ತ್ರಿಗೆ ತೆಳು ಹಸಿರು ಬೇಕಿತ್ತು. "ಆಸ್ಪತ್ರೆಗೆ ಕೆಂಪು ಹೂವಾ? ರಕ್ತ ಅಂತಾರಲ್ಲಮ್ಮಾ." "ರಕ್ತ ಕಂಡವರಿಗೆ ಕೆಂಪು ಕಂಡ್ರೆ ಹೆದರಿಕೆ ಆಗಲ್ಲ ಸಾರ್, ಆ ಪಾಚಿಹಸಿರು ಕಂಡ್ರೆ ಆಗತ್ತೆ." ಅದು ಇವಳಿಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ, ಇವಳು ಹೇಳಲೂ ಇಲ್ಲ. "ಆಯ್ತು, ಬರೀರಿ. ಕೆಟ್ಟರೆ ನಿಮ್ಮ ತಲೆಗೆ" ಎಂದರು. ಕೆಟ್ಟರೆ ಮತ್ತೆ ನೀಲಿ ಗುಲಾಬಿ, ಹಳದಿ ಗುಲಾಬಿ, ಕಣ್ಣು ಮಂಜಾಗುವವರೆಗೂ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೆಡುವ ಮಾತೇ ಇರಲಿಲ್ಲ. ಬಟ್ಟೆಯ ನೆಲಕ್ಕೆ ಬಿಳಿ ಬೇಡ ಎಂದಳು. ಬಿಳಿ ಎಂದರೆ ಗೋಡೆ, ಬಿಳಿ ಎಂದರೆ ಬ್ಯಾಂಡೇಜು. ನೆನೆದ ಮರಳು ಒಣಗುವಾಗ ಬರುತ್ತದಲ್ಲ, ಆ ಬಣ್ಣ. ಅದರ ಮೇಲೆ ಇಟ್ಟಿಗೆ ಕೆಂಪಿನ ಹೂಗಳು, ಬೂದು ಬೆರೆತ ಹಸಿರು ದೇಟು. ದೇಟು ಉದ್ದಕ್ಕೆ ಏರಿ, ತುದಿಯಲ್ಲಿ ಕತ್ತು ಬಗ್ಗಿಸಿ, ಹೂ ಮುಖ ಕೆಳಗೆ ಮಾಡಿಕೊಂಡಿದೆ, ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ. ಬಣ್ಣಕ್ಕಿಂತ ಹೆಚ್ಚು ದಿನ ಹಿಡಿದದ್ದು ದಳದ ಮೈಗೆ. ನುಣ್ಣಗೆ ತುಂಬಿದರೆ ದಳ ಪ್ಲಾಸ್ಟಿಕ್ಕಾಗುತ್ತದೆ. ಬ್ರಷ್ಷಿನ ಬಣ್ಣವನ್ನೆಲ್ಲ ಹಳೇ ಟವೆಲ್ಲಿಗೆ ಒರೆಸಿ, ಒಣಗಿದ ಕೂದಲಲ್ಲೇ ಕಾಗದದ ಮೇಲೆ ಎಳೆದಳು. ಗೆರೆಗಳ ನಡುವೆ ನೆಲ ಇಣುಕಿತು, ದಳಕ್ಕೆ ಒರಟು ಬಂತು. ಬಟ್ಟೆ ನುಣುಪಾಗಿದ್ದರೂ ಕಣ್ಣಿಗೆ ಅದು ತರಿತರಿಯಾಗಿ ತಾಗಬೇಕು. ಗಿಡಗಳ ಬುಡದಲ್ಲಿ ಅದೇ ಒಣ ಬ್ರಷ್ಷಿನಿಂದ ಸಣ್ಣ ಸಣ್ಣ ತಿಳಿ ಗೆರೆಗಳನ್ನು ಎಳೆದಿದ್ದಳು, ಹುಲ್ಲಿಗೆ. ಮುದ್ರಣದವರು ಇದೇನಮ್ಮಾ ಕೊಳೆ, ತೆಗೆದುಬಿಡ್ಲಾ ಎಂದಾಗ ಒಳಗೇ ಕೆಂಡವಾಗಿದ್ದಳು. ಒಂದು ಗೆರೆ ತೆಗೆದರೂ ನಿನ್ನ ಕೈ ಕತ್ತರಿಸ್ತೀನಿ ಎಂದಿದ್ದಳು, ನಗುನಗುತ್ತಲೇ.

ಹೂಗಳೆಲ್ಲ ಒಂದೇ ದಿಕ್ಕಿಗೆ ತಲೆ ಮಾಡಿ ನಿಂತ ಬಟ್ಟೆಗೆ ಅಂಚಿನಲ್ಲಿ ಒಂದು ಬಾಣದ ಗುರುತು ಮುದ್ರಿಸುವುದು ಈ ಕಸುಬಿನ ರೂಢಿ. ಬಾಣ ಎತ್ತ ತೋರಿಸುತ್ತದೋ ಅತ್ತ ಮೇಲೆ, ಅತ್ತ ಕೊರಳು. ಕತ್ತರಿಸುವವರು ಅದನ್ನು ನೋಡಿಕೊಂಡೇ ಬಟ್ಟೆ ಹಾಸುವುದು. ಆ ಬಾಣವನ್ನು ಅವಳು ತೆಗೆಸಿದ್ದಳು. ತನ್ನ ಹೂವಿನ ಪಕ್ಕ ಒಂದು ಬಾಣ ನಿಂತು "ಇದು ತಲೆ, ಇದು ಬುಡ" ಎಂದು ಹೇಳುವುದೆಂದರೆ ಮಗುವಿನ ಕೈಯಲ್ಲಿ ಚಿತ್ರ ಬರೆಸಿ ಕೆಳಗೆ "ಬೆಕ್ಕು" ಎಂದು ಹೆಸರು ಬರೆದ ಹಾಗೆ ಅನಿಸಿತ್ತು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮೈದುನ ಕೇಳಿದ್ದ. ಗಂಡನ ತಮ್ಮ, ಇದೇ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಕೆಲಸಕ್ಕೆ ಸೇರಿಸಿದವಳು ಇವಳೇ, ಇನ್ನೂ ಖಾಯಂ ಆಗಿರಲಿಲ್ಲ. "ಅತ್ತಿಗೆ, ನಿಮ್ಮ ಹೂವಿಗೆ ತಲೆ ಯಾವ ಕಡೆ?" "ಕಣ್ಣು ಯಾವ ಕಡೆ ಇಟ್ಕೊಂಡಿದೀಯೋ? ಹೂವಿನ ತಲೆ ಯಾವುದು ಅಂತ ನಾನು ಹೇಳಿಕೊಡ್ಬೇಕಾ ನಿಂಗೆ?" ಗಂಡ ನಕ್ಕ, ಮೈದುನನೂ ನಕ್ಕ. ಅತ್ತಿಗೆ ಮೈದುನರ ಇಂಥ ಕೀಟಲೆ ಆ ಮನೆಯಲ್ಲಿ ಹೊಸದಲ್ಲ. ಅವನು ಮತ್ತೊಮ್ಮೆ ಕೇಳಲು ಬಾಯಿ ತೆರೆದದ್ದು ಅವಳಿಗೆ ಕಾಣಿಸಿತ್ತು, ಕಂಡೂ ಎದ್ದು ಕೈ ತೊಳೆಯಲು ಹೋದಳು.

ಈಗ ಅವನು ಬಾಗಿಲಲ್ಲಿ ನಿಂತಿದ್ದ. ಎಂದೂ ಮೇಲೆ ಹತ್ತಿ ಬಾರದವನು. ತೋಳಿನ ಮೇಲೆ ಗೌನು, ಮುಖದಲ್ಲಿ ನಗುವಿಲ್ಲ.

"ಅತ್ತಿಗೆ, ಏನೋ ಎಡವಟ್ಟಾಗಿದೆ ಅನ್ಸತ್ತೆ. ಸ್ವಲ್ಪ ನೋಡಿ."

ಅವನು ಗೌನಿನ ಭುಜಗಳನ್ನು ಹಿಡಿದು ಎತ್ತಿ ತೋರಿಸಿದ. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಬಣ್ಣ, ಎಷ್ಟು ಚೆನ್ನಾಗಿ ಕೂತಿದೆ ಎಂಬ ಹಿಗ್ಗು. ಆಮೇಲೆ ಹುಲ್ಲು. ಹುಲ್ಲು ಕೊರಳಿನ ಹತ್ತಿರ ಇತ್ತು. ದೇಟುಗಳು ಅಲ್ಲಿಂದ ಕೆಳಕ್ಕೆ ಇಳಿಬಿದ್ದಿದ್ದವು. ಒಂದೊಂದು ಹೂವೂ ಬುಡ ಮೇಲಾಗಿ ನೇತಾಡುತ್ತಾ, ಕೊನೆಗೆ ಕತ್ತು ಕೊಂಕಿಸಿ ಮೇಲೆ ನೋಡುತ್ತಿತ್ತು. ಎಷ್ಟು ಕತ್ತರಿಸಿದೀಯೋ ಎಂದು ಕೇಳುವುದೇ ದಂಡ. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಂದೇ ಸಲ ಯಂತ್ರ ಆಡಿಸುವುದು. ಒಂದು ತಪ್ಪಿದರೆ ಎಲ್ಲ ತಪ್ಪಿದಂತೆ. ಗೌನಿನ ತುಂಡು ಮೇಲೆ ಕಿರಿದು, ಕೆಳಗೆ ಅಗಲ, ತಿರುಗಿಸಿ ಹೊಲಿಯುವ ಹಾಗೂ ಇಲ್ಲ.

"ಹೂವಿನ ಮುಖ ಮೇಲಿರ್ಬೇಕು ಅಂದ್ಕೊಂಡೆ. ಆ ತಿಳಿ ಗೆರೆಗಳು ಮೇಲಿಂದ ಬಿಸಿಲು ಬೀಳೋ ಹಾಗಿದ್ವು" ಎಂದ ಮೈದುನ. "ಹಾಸೋವಾಗ ಅಂಚೆಲ್ಲ ಹುಡುಕಿದೆ ಅತ್ತಿಗೆ. ಬಾಣ ಇರ್ಲಿಲ್ಲ."

ಬಿಸಿಲು! ತನ್ನ ಹುಲ್ಲು ಇವನಿಗೆ ಬಿಸಿಲಾಗಿ ಕಂಡಿದೆ. ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕು ಅನಿಸಿತು, ಅದೇ ಹೊತ್ತಿಗೆ ಗೌನನ್ನು ಅವನ ಕಣ್ಣಿನಿಂದ ನೋಡಿದರೆ ಅದು ಬಿಸಿಲೇ ಹೌದಲ್ಲ ಎಂದೂ ಅನಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಜಂಬ ಪಟ್ಟವಳಿಗೆ ಇದು ಆಗಬೇಕಾದದ್ದೇ. ಆದರೆ ಈ ಮಾತನ್ನು ಅವಳು ಬಾಯಿಬಿಟ್ಟು ಹೇಳುವ ಮೊದಲೇ ಇಸ್ತ್ರಿ ಒಳಗೆ ಬಂದರು. ಗೌನು ನೋಡಿದರು. ಅವರ ಹಣೆಯ ಮೇಲೆ ಸುಕ್ಕು ಮೂಡಿದ್ದನ್ನು ಅವಳು ಮೊದಲ ಸಲ ಕಂಡಳು.

"ಯಾರು ಇದನ್ನ ಹಾಸಿದ್ದು?" ಎಂದರು. ಮೈದುನನ ಕಡೆ ನೋಡಿದರು. "ಕಟಿಂಗ್‌ನಲ್ಲಿ ತಪ್ಪಾಗಿದೆ, ಅಲ್ವೇನಮ್ಮಾ?"

ಪ್ರಶ್ನೆ ಇವಳಿಗೆ. ಬೇಕೆಂದೇ ತೆರೆದಿಟ್ಟ ಬಾಗಿಲು ಅದು, ಇವಳು ನುಸುಳಿಕೊಂಡು ಪಾರಾಗಲಿ ಎಂದು. ಡಿಸೈನ್ ಕೆಟ್ಟಿತು ಎನ್ನುವುದಕ್ಕಿಂತ ಕಟಿಂಗ್ ಕೆಟ್ಟಿತು ಎಂದು ಆಸ್ಪತ್ರೆಯವರಿಗೆ ಹೇಳುವುದು ಅವರಿಗೂ ಸಲೀಸು. ಅವಳು ಬಾಯಿ ತೆರೆದಳು. ಬಾಣ ತೆಗೆಸಿದವಳು ನಾನು ಸಾರ್. ನಾಲ್ಕೇ ನಾಲ್ಕು ಪದ, ಅವೂ ಸಣ್ಣವು. ಬದಲಿಗೆ ಅವಳ ಕಣ್ಣು ಪಿಂಗಾಣಿ ತಟ್ಟೆಯ ಅಂಚಿನಲ್ಲಿ ಒಣಗುತ್ತಿದ್ದ ಕೆಂಪಿಗೆ ಹೋಯಿತು. ಒಣಗಿದ ಮೇಲೆ ಅದು ರೂಪಾಯಿಗೆ ಒಂದು ಪಾವಲಿಯಷ್ಟು ತಿಳಿಯಾಗುತ್ತದೆ, ಲೆಕ್ಕ ಹಾಕಿಯೇ ಕಲೆಸಬೇಕು ಎಂದು ಮನಸ್ಸು ಸುಮ್ಮನೆ ಹೇಳಿಕೊಂಡಿತು. ಮೈದುನ ಅವಳನ್ನೇ ನೋಡುತ್ತಿದ್ದ. ನೋಡಿ ನೋಡಿ ಕಣ್ಣು ಇಳಿಸಿದ.

"ಹೌದು ಸಾರ್. ನಂದೇ ತಪ್ಪು" ಎಂದ.

"ನಾಳೆಯಿಂದ ಬರೋದು ಬೇಡ. ಈಗ ಸಿಸ್ಟರ್ ಬಂದಾಗ ಇಲ್ಲೇ ಇರು, ನೀನೇ ಹೇಳು" ಎಂದು ಇಸ್ತ್ರಿ ಹೊರಟುಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಇದಕ್ಕೇ ಅನ್ನುವುದು. ಎಮ್ಮೆ ಬರೆ ಹಾಕಿಸಿಕೊಂಡು ಎದುರಿಗೇ ನಿಂತಿತ್ತು, ಎತ್ತು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವನ ಮುಖ ನೋಡಲಾಗದೆ ಅವಳು ಗೌನನ್ನು ಕಿತ್ತುಕೊಂಡು, ಬಟ್ಟೆ ತೊಟ್ಟು ನೋಡಲೆಂದೇ ಇದ್ದ ಮೂಲೆಯ ಸಣ್ಣ ಕೋಣೆಗೆ ನುಗ್ಗಿ ಚಿಲಕ ಹಾಕಿದಳು.

ಉಟ್ಟ ಬಟ್ಟೆಯ ಮೇಲೆಯೇ ಗೌನು ತೊಟ್ಟಳು. ಎಷ್ಟು ಕೆಟ್ಟಿದೆ ಎಂದು ನೋಡಿಬಿಡುವ ಹಟ. ಕನ್ನಡಿಯಲ್ಲಿ ಎಲ್ಲವೂ ಕಂಡಿತು: ಭುಜದಿಂದ ಮಂಡಿಯ ಕೆಳಗಿನವರೆಗೂ ನೇತುಬಿದ್ದ ಹೂಗಳು, ತನ್ನ ಜೀವಮಾನದ ಮೊದಲ ಹೂಗಳು. ಥೂ ಎಂದಳು, ಕನ್ನಡಿಗೆ. ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ತಲೆ ತಗ್ಗಿಸಿದಳು. ತಗ್ಗಿಸಿದವಳು ಹಾಗೇ ಉಳಿದಳು. ಮಡಿಲಿನಿಂದ ಹುಲ್ಲು ಎದ್ದಿತ್ತು. ಹೊಟ್ಟೆಯ ಹತ್ತಿರ ಬುಡ, ತೊಡೆಯ ಉದ್ದಕ್ಕೂ ನೆಟ್ಟಗೆ ಏರಿದ ದೇಟು, ಮಂಡಿಯ ಮೇಲೆ ಹೂ. ಯಾವುದೂ ತಲೆಕೆಳಗಾಗಿರಲಿಲ್ಲ. ಎಲ್ಲವೂ ಅವಳು ಬರೆದ ಹಾಗೆಯೇ ನಿಂತು, ಕತ್ತು ಬಗ್ಗಿಸಿ, ಇತ್ತ ತಿರುಗಿ ಅವಳ ಮುಖವನ್ನೇ ನೋಡುತ್ತಿದ್ದವು. ಅಯ್ಯೋ ಎಂದಳು, ಮೆಲ್ಲಗೆ. ಎದುರಿನವರಿಗೆ ನೆಟ್ಟಗಿದ್ದದ್ದು ತೊಟ್ಟವಳಿಗೆ ತಲೆಕೆಳಗು ಎಂಬುದು ಇಷ್ಟು ವರ್ಷ ಈ ಕಸುಬಿನಲ್ಲಿ ಇದ್ದೂ ಅವಳಿಗೆ ಹೊಳೆದಿರಲಿಲ್ಲ. ಕನ್ನಡಿ ಮುಂದೆ ನಿಂತವರು, ಅಂಗಡಿಯಲ್ಲಿ ನಿಂತವರು, ಬೀದಿಯಲ್ಲಿ ಎದುರಾದವರು, ಎಲ್ಲರಿಗೂ ಬರೆದಿದ್ದಳು. ಬಟ್ಟೆಯೊಳಗಿದ್ದವಳಿಗೆ ಒಂದು ಹೂವನ್ನೂ ಬರೆದಿರಲಿಲ್ಲ.

ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ ಅವಳಿಗೆ ತೊಡಿಸಿದ್ದ ಗೌನಿನ ಮೇಲೂ ಹೂಗಳಿದ್ದವು. ಪಾಚಿಹಸಿರು, ಚುಕ್ಕಿ ಚುಕ್ಕಿ, ಮಲಗಿ ನೋಡಿದರೆ ಎಲ್ಲ ತಲೆಕೆಳಗು. ಹೊಟ್ಟೆಯಲ್ಲಿದ್ದ ಮಗು ಹೊಟ್ಟೆಯಲ್ಲೇ ಹೋಗಿತ್ತು. ಬಂದವರೆಲ್ಲ ಮಂಚದ ಸುತ್ತ ನಿಂತು, ಇವಳ ಮೇಲಿಂದ ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ಯಾರೂ ಬಗ್ಗಿ ಇವಳ ಮುಖ ನೋಡಲಿಲ್ಲ. ಇವಳು ಗೌನು ನೋಡಿದಳು. ಮುದ್ರಿಸುವಾಗ ಹಸಿರು ತನ್ನ ಗೆರೆ ದಾಟಿ ಪಕ್ಕಕ್ಕೆ ಜಾರಿತ್ತು, ಪ್ರತಿ ಹೂವಿನಲ್ಲೂ. ಮಲಗಿದಲ್ಲೇ ಒಂದೊಂದನ್ನೂ ಮನಸ್ಸಿನಲ್ಲಿ ಎಳೆದು ಸರಿಯಾದ ಜಾಗಕ್ಕೆ ಕೂರಿಸಿದಳು, ಮೊದಲಿನಿಂದ ಮತ್ತೆ ಕೂರಿಸಿದಳು. ಗಂಡ ಬಂದು ಕೈ ಹಿಡಿದು ಕೂತಾಗ ಅವಳ ಬಾಯಿಂದ ಬಂದದ್ದು, "ನೋಡಿ, ಬಣ್ಣ ಗೆರೆ ದಾಟಿದೆ." ಅವನು ಕೈ ಬಿಡಲಿಲ್ಲ, ಆದರೆ ಕೈ ತಣ್ಣಗಾಯಿತು. ಬಾಗಿಲಾಚೆ ಅತ್ತೆ ಅನ್ನುತ್ತಿದ್ದರು: ಕಲ್ಲೆದೆ ಕಣೋ ನಿನ್ನ ಹೆಂಡ್ತೀದು, ಒಂದು ಹನಿ ಕಣ್ಣೀರಿಲ್ಲ. ಕಲ್ಲೆದೆ ಎಂಬ ಹೆಸರನ್ನು ಅವಳು ಅಲ್ಲಿಂದೀಚೆಗೆ ಒಂದು ಬಿರುದಿನಂತೆ ಹೊತ್ತುಕೊಂಡು ಓಡಾಡಿದ್ದಳು. ಅಸಲಿಗೆ ಅಂದು ಬಟ್ಟೆಯಿಂದ ಕಣ್ಣು ಕಿತ್ತರೆ ಎಲ್ಲಿ ಕೂಗಿಬಿಡುತ್ತೇನೋ, ಕೂಗಿದರೆ ಎಲ್ಲಿ ನಿಲ್ಲುವುದೇ ಇಲ್ಲವೋ ಎಂಬ ಭಯ ಅದು, ಬರೀ ಭಯ. ಈಗ ಸ್ಟೂಲಿನ ಮೇಲೆ ಅವಳ ಕಣ್ಣಿಂದ ನೀರು ತಾನಾಗಿ ಸುರಿಯಿತು. ಒಂದೆರಡು ಹನಿ ಮಂಡಿಯ ಮೇಲಿನ ಹೂವಿಗೆ ಬಿದ್ದು ಕೆಂಪು ಗಾಢವಾಯಿತು. ಬಣ್ಣ ಬಿಡುವುದಿಲ್ಲ, ಗಟ್ಟಿ ಬಣ್ಣ ಎಂದುಕೊಂಡು ಮೂಗು ಒರೆಸಿಕೊಂಡಳು.

ಹೊರಗೆ ದೊಡ್ಡ ಸಿಸ್ಟರರ ದನಿ ಕೇಳಿಸಿತು. ಮೆಟ್ಟಿಲನ್ನು ಬೈಯುತ್ತಲೇ ಹತ್ತಿ ಬಂದಿದ್ದರು. ಅವಳು ಗೌನು ಬಿಚ್ಚಲಿಲ್ಲ. ತೊಟ್ಟುಕೊಂಡೇ ಚಿಲಕ ತೆಗೆದು, ತನ್ನದೇ ಮನೆಯ ನಡುಮನೆಗೆ ಬಂದವಳ ಹಾಗೆ ಬಂದು ನಿಂತಳು. ಇಸ್ತ್ರಿ ಕುರ್ಚಿ ಎಳೆದು ಕೊಡುತ್ತಿದ್ದವರು ಅರ್ಧಕ್ಕೇ ನಿಂತರು. ಮೈದುನ ಗೋಡೆಗೆ ಅಂಟಿಕೊಂಡಿದ್ದ.

"ಬಣ್ಣ ಚೆನ್ನಾಗಿದೆ" ಎಂದರು ಸಿಸ್ಟರ್. ತೂಕದ ಹೆಂಗಸು, ಉಸಿರು ಇನ್ನೂ ಸಮವಾಗಿರಲಿಲ್ಲ. "ಆದ್ರೆ ಹೂವೆಲ್ಲ ತಲೆಕೆಳಗಾಗಿದೆಯಲ್ಲಾ! ಬೇಕು ಅಂತಲೇ ಹೀಗೆ ಮಾಡಿದ್ದಾ?"

ಇಸ್ತ್ರಿಯ ಕಣ್ಣು ಫಳ್ಳೆಂದಿತು. ಹೂಂ ಅನ್ನು, ಹೂಂ ಅನ್ನು ಎನ್ನುತ್ತಿತ್ತು ಆ ಕಣ್ಣು. ಹೌದು ಸಿಸ್ಟರ್, ತೊಟ್ಟವರಿಗೆ ಕಾಣಲಿ ಅಂತ ಬೇಕೆಂದೇ ಬರೆದೆ. ಎಂಥ ಚೆಂದದ ಮಾತು, ಅರ್ಧ ನಿಜವೂ ಹೌದು. ಮೈದುನನ ಕೆಲಸವೂ ಉಳಿದೀತು, ತನ್ನ ಹೆಸರೂ ಮೇಲೇರೀತು. ಹೇಳಿದರೆ ಯಾರೂ ಅನುಮಾನಿಸುವುದಿಲ್ಲ, ಇಷ್ಟು ದಿನ ಇವಳ ಯಾವ ಮಾತನ್ನು ಯಾರು ಅನುಮಾನಿಸಿದ್ದಾರೆ? ಆದರೆ ಹಾಗಂದರೆ ಅವನು ನನ್ನದೇ ತಪ್ಪು ಎಂದದ್ದು ಪೆದ್ದನ ಮಾತಾಗುತ್ತದೆ, ಇವಳು ಸುಮ್ಮನಿದ್ದದ್ದು ಜಾಣತನವಾಗುತ್ತದೆ.

"ಇಲ್ಲ ಸಿಸ್ಟರ್, ತಪ್ಪಾಗಿ ಆಗಿದ್ದು" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ತಪ್ಪು ನಂದು. ಮೇಲೆ ಯಾವುದು ಅಂತ ತೋರ್ಸೋ ಬಾಣ ಇರತ್ತೆ ಬಟ್ಟೇಲಿ, ನಾನೇ ತೆಗೆಸಿದ್ದೆ, ಜಂಬಕ್ಕೆ. ಇವನು ಬಂದು ಕೇಳ್ದ, ಗದರಿಸಿ ಕಳಿಸ್ದೆ. ಆಗ್ಲೇ ಸಾರ್ ಎದುರಿಗೆ ಇವನು ತನ್ನ ತಲೆಗೆ ಹಾಕ್ಕೊಂಡಾಗ ನಾನು ಸುಮ್ಮನೆ ನಿಂತಿದ್ದೆ. ಅದೂ ನಂದೇ. ಈಗ ನೀವೊಂದು ಕೆಲಸ ಮಾಡಿ. ಬೇಡ ಅನ್ನೋ ಮುಂಚೆ ಇದನ್ನ ತೊಟ್ಕೊಂಡು ಒಂದು ನಿಮಿಷ ಕೂತ್ಕೊಳ್ಳಿ. ಕನ್ನಡಿ ನೋಡ್ಬೇಡಿ, ಕೆಳಗೆ ನೋಡಿ."

"ನಾನಾ? ನನಗೆ ಹಿಡಿಸತ್ತೇನ್ರೀ?"

"ರೋಗಿಗಳ ಗೌನು ಸಿಸ್ಟರ್, ಎಲ್ಲರಿಗೂ ಹಿಡಿಸತ್ತೆ."

ಸಿಸ್ಟರ್ ನಕ್ಕರು. ಯೂನಿಫಾರ್ಮಿನ ಮೇಲೆ ಗೌನು ತೊಟ್ಟು, ಹಿಂದಿನ ದಾರಗಳನ್ನು ಇವಳ ಕೈಯಲ್ಲೇ ಕಟ್ಟಿಸಿಕೊಂಡು, ಉಸ್ಸೆಂದು ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಕೆಳಗೆ ನೋಡಿದರು. ನಗು ಮುಖದಲ್ಲೇ ಇತ್ತು, ಆದರೆ ಅದರ ಹಿಂದಿನ ತಮಾಷೆ ಹೋಗಿಬಿಟ್ಟಿತ್ತು. ಒಂದು ಹೂವನ್ನು ಬೆರಳಿಂದ ಮುಟ್ಟಿದರು, ಒರಟಾಗಿದೆಯೇನೋ ಎಂದು ಉಜ್ಜಿದರು, ನುಣುಪಾಗಿದ್ದದ್ದಕ್ಕೆ ಹುಬ್ಬೇರಿಸಿದರು.

"ನನ್ನನ್ನೇ ನೋಡ್ತಿದೆಯಲ್ರೀ ಇದು" ಎಂದರು.

ಇಸ್ತ್ರಿ ಕೆಮ್ಮಿ, ಬೇಕಾದರೆ ಹೊಸದಾಗಿ ಮುದ್ರಿಸಿ, ಸರಿಯಾದ ದಿಕ್ಕಿಗೆ ಎಂದು ಶುರು ಮಾಡಿದರು. ಸಿಸ್ಟರ್ ತಲೆ ಎತ್ತಲೇ ಇಲ್ಲ. "ಎಲ್ಲಾ ಹೀಗೇ ಕಳಿಸಿ. ನೆಟ್ಟಗಿರೋದು ಒಂದು ಬಂದ್ರೂ ವಾಪಸ್ ಕಳಿಸ್ತೀನಿ, ಹೇಳಿದೀನಿ" ಎಂದರು. ಹೇಳಿಯೂ ಏಳಲಿಲ್ಲ, ಇನ್ನಷ್ಟು ಹೊತ್ತು ಹಾಗೇ ತಮ್ಮ ಮಂಡಿ ನೋಡುತ್ತಾ ಕೂತಿದ್ದರು. ಕೊನೆಗೆ ಅವರನ್ನು ಕಳಿಸಲು ಹೊರಟ ಇಸ್ತ್ರಿ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, "ನೀನು ನಾಳೆ ಬಾರಪ್ಪಾ" ಎಂದು ಮೈದುನನಿಗೆ ಹೇಳಿದರು. ಇವಳಿಗೆ ಏನೂ ಹೇಳಲಿಲ್ಲ. ಅವಳಿಗೆ ಅವರ ಮಾತು ಬೇಕೂ ಇರಲಿಲ್ಲ. ತನ್ನ ಹೂ ಗೆದ್ದಿತ್ತು, ಅದು ಯಾವ ಹೂ ಎಂದು ಇನ್ನು ಯಾರೂ ಕೇಳುವಂತಿರಲಿಲ್ಲ.

ಮೈದುನ ಗೌನು ಮಡಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಅವಳು ಹಿಂದೆಯೇ ಇಳಿದಳು. ಬೆನ್ನು ತಟ್ಟಿ, ನೋಡಿದ್ಯೇನೋ ಹೇಗಾಯ್ತು ಅಂತ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಅವನು ತಿರುವಿನಲ್ಲಿ ನಿಂತ.

"ನೀವು ಸುಮ್ಮನಿದ್ರಿ ಅತ್ತಿಗೆ" ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಜಗಳವಾಡಬಹುದಿತ್ತು. "ಆಮೇಲೆ ಹೇಳಿದ್ರಿ, ಸರಿ. ಆದ್ರೆ ಅಷ್ಟು ಹೊತ್ತು ಸುಮ್ಮನಿದ್ರಿ."

"ಹೌದು ಕಣೋ" ಎಂದಳು. "ಭಯ ಆಯ್ತು."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದ, ಮೆಟ್ಟಿಲ ಮೇಲೆ ಬೇರೆ ಯಾರೋ ಹೆಂಗಸು ಬಂದು ನಿಂತ ಹಾಗೆ. ಪರವಾಗಿಲ್ಲ ಬಿಡಿ ಅನ್ನಲಿಲ್ಲ. ಗೌನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಮನೇಲಿ ಹೇಳಿದ್ರೆ ಅಣ್ಣ ನಂಬಲ್ಲ" ಎಂದ.

"ಏನನ್ನ? ಹೂ ತಲೆಕೆಳಗಾದದ್ದನ್ನಾ?"

"ಅಲ್ಲ. ನಿಮಗೆ ಭಯ ಆಗಿದ್ದನ್ನ."

ಅವಳಿಗೆ ನಗು ಬಂತು. ಕೆಳಗೆ ಹೊಲಿಗೆ ಯಂತ್ರಗಳು ಊಟದ ಬಿಡುವಿಗೆ ಒಂದೊಂದಾಗಿ ನಿಲ್ಲುತ್ತಿದ್ದವು.

"ನಂಬ್ತಾರೆ" ಎಂದಳು. "ಇವತ್ತೇ ಕೂರಿಸಿಕೊಂಡು ಹೇಳ್ತೀನಿ. ಇದಲ್ಲ, ಇದಕ್ಕಿಂತ ಮುಂಚಿಂದು ಒಂದಿದೆ, ಆಸ್ಪತ್ರೇದು. ಅದನ್ನ ಮೊದಲು ಹೇಳ್ಬೇಕು."